ಕ್ಯಾರವಾನ್‌ಗೆ ಮೂವರ್ ಹಾಕಿಸಬೇಕಾ? ಮೊದಲು ಮನೆ ಮುಂದಿನ ಏರು ಅಳೆಯಿರಿ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಹೋದ ವರ್ಷ ನಾಲ್ಕು ಜನ ಮಲಗುವಂಥ ಸೆಕೆಂಡ್‌ಹ್ಯಾಂಡ್ ಕ್ಯಾರವಾನ್ ತಗೊಂಡೆವು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು, ಎರಡೇ ಚಕ್ರ. ಮನೆ ಮುಂದಿನ ಡ್ರೈವ್‌ವೇ ರಸ್ತೆಯಿಂದ ಮೇಲಕ್ಕೆ ಏರುತ್ತದೆ, ಗೇಟು ಕಿರಿದು, ಕಾರಿನಿಂದ ರಿವರ್ಸ್ ಮಾಡಲು ಜಾಗ ಸಾಲದು. ಪ್ರತಿ ಸಲ ಪಕ್ಕದ ಮನೆಯವರನ್ನು ಕರೆದು ತಳ್ಳಿಸುತ್ತೇವೆ. ನಮ್ಮ ಯಜಮಾನರಿಗೆ ಸೊಂಟ ನೋವು ಬೇರೆ. ಯಾರೂ ತಳ್ಳದೆ ಕ್ಯಾರವಾನ್ ಚಕ್ರವನ್ನು ತಿರುಗಿಸುವ ಮೋಟರ್ ಮೂವರ್ ಹಾಕಿಸಲು 1,300 ಪೌಂಡ್ ಕೇಳುತ್ತಿದ್ದಾರೆ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರಿಗೆ ಇಷ್ಟು ಖರ್ಚು ಬೇಕಾ? ಬೇಸಿಗೆಗೆ ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಾರೆ. ಅಷ್ಟರೊಳಗೆ ತೀರ್ಮಾನ ಮಾಡಬೇಕು.

ಉತ್ತರ: ನಿಮ್ಮ ಮನೆಗೆ ಮೂವರ್ ಬೇಕು. ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಅನ್ನುವುದರ ಮೇಲೆ ಇದನ್ನು ತೀರ್ಮಾನಿಸಬೇಡಿ, ಮನೆ ಮುಂದಿನ ಏರಿನ ಮೇಲೆ ತೀರ್ಮಾನಿಸಿ. ಯಾಕೆ ಅಂತ ಹೇಳುತ್ತೇನೆ.

ಒಂದು ಮೀಟರ್ ಉದ್ದದ ಹಲಗೆ ತಗೊಳ್ಳಿ. ಅದರ ಒಂದು ತುದಿಯನ್ನು ಡ್ರೈವ್‌ವೇ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ. ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಹಲಗೆ ಸಮವಾಗುವಂತೆ ಹಿಡಿಯಿರಿ. ಆ ತುದಿಗೂ ನೆಲಕ್ಕೂ ನಡುವೆ 10 ಸೆಂಟಿಮೀಟರ್ ಇದ್ದರೆ ನಿಮ್ಮ ಏರು ಹತ್ತಕ್ಕೆ ಒಂದು, ಅಂದರೆ ಶೇ 10. ಈಗ ಕ್ಯಾರವಾನ್ ತೂಕ 1,400 ಕಿಲೋ ಅಂದುಕೊಳ್ಳಿ. ಆ ಏರಿನಲ್ಲಿ ಅದು 140 ಕಿಲೋ ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಬರೀ ನಿಲ್ಲಿಸಿ ಹಿಡಿಯಲು ಅಷ್ಟು ಬಲ ಬೇಕು, ಮೇಲಕ್ಕೆ ತಳ್ಳಲು ಇನ್ನೂ ಜಾಸ್ತಿ. ತಳ್ಳುವವರಲ್ಲಿ ಒಬ್ಬರ ಕಾಲು ಜಾರಿದರೆ ಉಳಿದವರ ಗತಿ ಏನು?

ನಾನೂ ಮೊದಲ ಮೂರು ವರ್ಷ ತಳ್ಳಿದವನೇ. ಒಂದು ಮಳೆಗಾಲದ ಸಂಜೆ ನಾನು, ಗೆಳೆಯ ಸೇರಿ ಏರಿನಲ್ಲಿ ತಳ್ಳುತ್ತಿದ್ದೆವು. ಅವನ ಬೂಟು ಜಾರಿತು. ನನ್ನ ಹೆಂಡತಿ ಹ್ಯಾಂಡ್‌ಬ್ರೇಕ್ ಹತ್ತಿರವೇ ನಿಂತಿದ್ದಳು, ತಕ್ಷಣ ಎಳೆದಳು. ಅಷ್ಟರಲ್ಲಿ ಕ್ಯಾರವಾನ್ ಒಂದು ಅಡಿ ಹಿಂದೆ ಬಂದು ನನ್ನ ಎದೆಗೆ ಒತ್ತಿ ನಿಂತಿತ್ತು. ಆ ಒಂದು ಅಡಿ ನನಗೆ ಇವತ್ತಿಗೂ ನೆನಪಿದೆ. ಸೊಂಟ ನೋವಿರುವವರನ್ನು ದಯವಿಟ್ಟು ಆ ಜಾಗದಲ್ಲಿ ನಿಲ್ಲಿಸಬೇಡಿ.

ಮೂವರ್ ಕೆಲಸ ಮಾಡುವ ರೀತಿ ಸರಳ. ಪ್ರತಿ ಚಕ್ರದ ಪಕ್ಕ ಒಂದು ಮೋಟರ್, ಅದಕ್ಕೊಂದು ರೋಲರ್. ರೋಲರ್ ಟೈರಿಗೆ ಒತ್ತಿ ನಿಂತು ಚಕ್ರವನ್ನು ತಿರುಗಿಸುತ್ತದೆ. ಎಲ್ಲವೂ ಕ್ಯಾರವಾನ್ ಒಳಗಿನ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ, ಕೈಯಲ್ಲಿ ರಿಮೋಟ್. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸಿದರೆ ಗಾಡಿ ನಿಂತಲ್ಲೇ ಸುತ್ತುತ್ತದೆ. ಕಿರಿದಾದ ಗೇಟಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಾರಿಗೆ ಸಿಕ್ಕಿಸುವಾಗಲೂ ಅಷ್ಟೇ, ಕೊಂಡಿಯನ್ನು ಇಂಚಿಂಚಾಗಿ ತಂದು ಕಾರಿನ ಹಿಂದಿನ ಟೋ ಬಾಲ್ (ಕೊಂಡಿ ಕೂರುವ ಗುಂಡು) ಮೇಲೆ ಸರಿಯಾಗಿ ಕೂರಿಸಬಹುದು.

ಇನ್ನು ಹಣಕ್ಕಿಂತ ದೊಡ್ಡ ಲೆಕ್ಕ ತೂಕದ್ದು. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ಕ್ಯಾರವಾನ್ ಬಾಗಿಲ ಹತ್ತಿರ ಒಂದು ಪ್ಲೇಟ್ ಇರುತ್ತದೆ. ಅದರಲ್ಲಿ ಎಂಟಿಪಿಎಲ್‌ಎಂ ಅಂತ ಬರೆದಿರುವುದು ಸಾಮಾನು ಸಮೇತ ಇರಬಹುದಾದ ಗರಿಷ್ಠ ತೂಕ. ಫ್ಯಾಕ್ಟರಿಯಿಂದ ಬಂದಾಗಿನ ತೂಕ ಎಷ್ಟು ಅಂತ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ನೀವು ತುಂಬಬಹುದಾದ್ದು ಅಷ್ಟು ಮಾತ್ರ. ನಿಮ್ಮಂಥ ಕ್ಯಾರವಾನ್‌ನಲ್ಲಿ ಅದು 150 ಕಿಲೋ ಆಸುಪಾಸು ಇರುವುದು ಸಾಮಾನ್ಯ. ಮೂವರ್ ಸುಮಾರು 30 ಕಿಲೋ ಅನ್ನಿ. ಒಳ್ಳೆಯ ಲೆಡ್ ಬ್ಯಾಟರಿ 20 ಕಿಲೋ ದಾಟುತ್ತದೆ. ಕ್ಯಾರವಾನ್ ಪಕ್ಕಕ್ಕೆ ಕಟ್ಟುವ ಅವ್ನಿಂಗ್ ಟೆಂಟ್ ಇನ್ನೊಂದು 20. ಗ್ಯಾಸ್ ಸಿಲಿಂಡರ್ 15. ಉಳಿದದ್ದು 65 ಕಿಲೋ. ಅದರಲ್ಲಿ ನಾಲ್ಕು ಜನರ ಬಟ್ಟೆ, ಹಾಸಿಗೆ, ಕುರ್ಚಿ, ಮೇಜು, ಪಾತ್ರೆ ಎಲ್ಲ ಬರಬೇಕು. ಅಮ್ಮ ಬಂದ ಮೇಲೆ ಕುಕ್ಕರ್, ಕಬ್ಬಿಣದ ದೋಸೆ ಹೆಂಚು, ಅಕ್ಕಿ ಚೀಲ, ಉಪ್ಪಿನಕಾಯಿ ಜಾಡಿ ಇಲ್ಲದೆ ಪ್ರವಾಸ ಆಗುತ್ತದಾ? ನಮ್ಮ ಮನೆಯಲ್ಲಂತೂ ಆಗಲ್ಲ. ಹಾಗಾಗಿ ಮೂವರ್ ಬಂದ ಮೇಲೆ ಭಾರದ ಸಾಮಾನು ಕಾರಿನ ಡಿಕ್ಕಿಗೆ ಹೋಗಬೇಕು. ಅಲ್ಲೂ ಮಿತಿ ಇದೆ, ಕಾರಿನ ಕೈಪಿಡಿ ನೋಡಿ.

ಅಂದಾಜು ಮಾಡುತ್ತಾ ಕೂರಬೇಡಿ. ಒಂದು ಸಲ ಎಲ್ಲ ತುಂಬಿಕೊಂಡು ಹತ್ತಿರದ ಪಬ್ಲಿಕ್ ವೇಬ್ರಿಡ್ಜ್‌ಗೆ ಹೋಗಿ ತೂಗಿಸಿ. ಮಿತಿ ಮೀರಿದ್ದರೆ ಕ್ಯಾರವಾನ್ ತಯಾರಕರನ್ನು ಕೇಳಿ. ಆಕ್ಸಲ್‌ಗೆ ಇನ್ನೂ ಭಾರ ತಡೆಯುವ ಶಕ್ತಿ ಇದ್ದರೆ ಹಲವು ತಯಾರಕರು ಸ್ವಲ್ಪ ಶುಲ್ಕ ತಗೊಂಡು ಗರಿಷ್ಠ ತೂಕ ಹೆಚ್ಚಿಸಿದ ಹೊಸ ಪ್ಲೇಟ್ ಕೊಡುತ್ತಾರೆ. ಹೆಚ್ಚಿಸಿದ ಮೇಲೆ ಕಾರಿಗೆ ಎಳೆಯಲು ಅದು ಸರಿಹೋಗುತ್ತದಾ ಅಂತಲೂ ನೋಡಿ. ಹೊಸಬರಿಗೆ ಬ್ರಿಟನ್‌ನಲ್ಲಿ ಹೇಳುವ ಮಾತು, ಕ್ಯಾರವಾನ್ ತೂಕ ಕಾರಿನ ಕರ್ಬ್ ತೂಕದ (ಸಾಮಾನು ತುಂಬದ ಕಾರಿನ ತೂಕ) ಶೇ 85 ದಾಟಬಾರದು ಅಂತ. ಇದು ಕಾನೂನಲ್ಲ, ಆದರೆ ಒಳ್ಳೆಯ ಬುದ್ಧಿಮಾತು.

ಹಾಕಿಸುವ ಮೊದಲು ಕ್ಯಾರವಾನ್ ಅಡಿಗೆ ಬಗ್ಗಿ ನೋಡಿ. ಸ್ಟೆಪ್ನಿ ಚಕ್ರ ಕೆಳಗೇ ತೂಗುಹಾಕಿದ್ದರೆ ಮೂವರ್‌ಗೆ ಜಾಗ ಸಿಗದೇ ಹೋಗಬಹುದು. ಚಾಸಿ, ಅಂದರೆ ಗಾಡಿಯ ಅಡಿಯ ಲೋಹದ ಚೌಕಟ್ಟು, ಅಲ್ಕೋ ಕಂಪನಿಯದಾಗಿದ್ದರೆ ಅದಕ್ಕೆ ತೂತು ಕೊರೆಯಲು ಬಿಡಬೇಡಿ. ಮೂವರ್ ಅನ್ನು ಕ್ಲಾಂಪ್ ಹಾಕಿ ಬಿಗಿಯಬೇಕು. ಕ್ಲಾಂಪ್‌ನಿಂದ ಇನ್ನೊಂದು ಲಾಭವಿದೆ. ಮುಂದೆ ಈ ಕ್ಯಾರವಾನ್ ಮಾರಿದರೆ ಮೂವರ್ ಬಿಚ್ಚಿ ಹೊಸದಕ್ಕೆ ಹಾಕಿಸಿಕೊಳ್ಳಬಹುದು, ಅದರ ಚಾಸಿಗೆ ಹೊಂದಿದರೆ. ಆಗ 1,300 ಪೌಂಡ್ ಅಷ್ಟು ಜಾಸ್ತಿ ಅನ್ನಿಸಲ್ಲ.

ಟೈರ್ ಕೂಡ ನೋಡಿ. ಮೂವರ್ ಹಿಡಿತವೆಲ್ಲ ಟೈರಿನದೇ. ಗಾಳಿ ಕಮ್ಮಿ ಇದ್ದರೆ ಟೈರು ತಗ್ಗುತ್ತದೆ, ರೋಲರ್ ಜಾರುತ್ತದೆ. ಟೈರಿನ ಪಕ್ಕದಲ್ಲಿ ‘DOT’ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್‌ಹ್ಯಾಂಡ್ ಗಾಡಿಯ ಟೈರ್ ಎಷ್ಟೋ ಸಲ ನೋಡಲು ಹೊಸದರಂತೆ ಇರುತ್ತದೆ, ವಯಸ್ಸು ಮಾತ್ರ ಆಗಿರುತ್ತದೆ. ಏಳು ವರ್ಷ ದಾಟಿದ್ದರೆ ಮೂವರ್‌ಗಿಂತ ಮೊದಲು ಟೈರ್ ಬದಲಾಯಿಸಿ.

ಬ್ಯಾಟರಿ 100 ಆಂಪಿಯರ್ ಅವರ್ ಆಸುಪಾಸಿನದು ಇರಲಿ. ಏರು ಹತ್ತುವಾಗ ಮೋಟರ್‌ಗಳು ಒಂದೇ ಸಮನೆ ಎಳೆಯುವ ಕರೆಂಟ್ 100 ಆಂಪಿಯರ್ ದಾಟಬಹುದು. ಚಳಿಗಾಲವಿಡೀ ಸುಮ್ನೆ ನಿಲ್ಲಿಸಿದ ಬ್ಯಾಟರಿ ಮಾರ್ಚ್‌ನಲ್ಲಿ ಅರ್ಧ ಏರಿಗೆ ಕೈಕೊಡುತ್ತದೆ. ಹೊರಡುವ ಹಿಂದಿನ ದಿನ ಪೂರ್ತಿ ಚಾರ್ಜ್ ಮಾಡಿ, ಮನೆಗೆ ಮರಳುವ ಮೊದಲು ಕ್ಯಾರವಾನ್ ನಿಲ್ಲಿಸಿದ ಕ್ಯಾಂಪ್ ಜಾಗದಲ್ಲೂ ಮಾಡಿ.

ಎರಡು ಬಗೆಯ ಮೂವರ್ ಸಿಗುತ್ತವೆ. ಒಂದರಲ್ಲಿ ರೋಲರನ್ನು ಹಿಡಿಕೆ ಹಾಕಿ ಕೈಯಿಂದಲೇ ಟೈರಿಗೆ ಒತ್ತಬೇಕು. ಇನ್ನೊಂದರಲ್ಲಿ ಆ ಕೆಲಸಕ್ಕೂ ಮೋಟರ್ ಇದೆ, ಬೆಲೆ ಸ್ವಲ್ಪ ಜಾಸ್ತಿ. ಸೊಂಟ ನೋವಿರುವ ಮನೆಗೆ ಎರಡನೆಯದೇ ಸರಿ. ನಿಮಗೆ ಹೇಳಿದ ಬೆಲೆ ಯಾವುದಕ್ಕೆ, ಬ್ಯಾಟರಿ ಸೇರಿದೆಯಾ ಅಂತ ಕೇಳಿ. ಜಾಹೀರಾತಿನಲ್ಲಿ ‘ಶೇ 25 ಏರು ಹತ್ತುತ್ತದೆ’ ಅಂತ ದೊಡ್ಡದಾಗಿ ಬರೆದಿದ್ದರೆ ಎಷ್ಟು ತೂಕಕ್ಕೆ ಅಂತ ಪಕ್ಕದಲ್ಲಿ ಹುಡುಕಿ. ತೂಕ ಏರಿದಂತೆ ಆ ಅಂಕಿ ಇಳಿಯುತ್ತದೆ. ಹಲಗೆಯಿಂದ ಅಳೆದ ನಿಮ್ಮ ಏರಿಗಿಂತ ಅದು ಧಾರಾಳವಾಗಿ ಮೇಲಿರಬೇಕು.

ಬಳಸುವಾಗ ಒಂದು ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ. ಕ್ಯಾರವಾನ್ ಹ್ಯಾಂಡ್‌ಬ್ರೇಕ್ ಎಳೆದು, ವೈರ್ ಪ್ಲಗ್ ತೆಗೆದು, ಕೊಂಡಿ ಬಿಚ್ಚಿ. ರೋಲರ್ ಟೈರಿಗೆ ಒತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಗಾಡಿ ಜಾಗಕ್ಕೆ ಬಂದ ಮೇಲೆ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ರೋಲರ್ ಬಿಡಿಸಿ. ಇದು ತಿರುವುಮುರುವಾದರೆ ಏರಿನಲ್ಲಿ ಗಾಡಿಯನ್ನು ಹಿಡಿಯಲು ಏನೂ ಇರುವುದಿಲ್ಲ. ರೋಲರ್ ಪಾರ್ಕಿಂಗ್ ಬ್ರೇಕ್ ಅಲ್ಲ, ಅದನ್ನು ನಂಬಿ ಗಾಡಿ ಬಿಟ್ಟು ಹೋಗಬೇಡಿ. ಚಕ್ರಕ್ಕೆ ಅಡ್ಡ ಕಟ್ಟೆ ಕೊಡಿ. ರಿಮೋಟ್ ಹಿಡಿದವರು ಯಾವಾಗಲೂ ಪಕ್ಕದಲ್ಲಿ ನಿಲ್ಲಬೇಕು, ಇಳಿಜಾರಿನ ಕೆಳಗಡೆ ಯಾರೂ ಇರಬಾರದು. ಆಟವಾಡುವ ಮಕ್ಕಳನ್ನು ಮೊದಲು ಮನೆಯೊಳಗೆ ಕಳಿಸಿ.

ಮೂವರ್ ಬಂತು ಅಂತ ರಿವರ್ಸ್ ಕಲಿಯುವುದನ್ನು ಬಿಡಬೇಡಿ. ರಸ್ತೆಯಲ್ಲಿ ದಾರಿ ತಪ್ಪಿ ಸಣ್ಣ ಓಣಿಗೆ ನುಗ್ಗಿದಾಗ ಮೂವರ್ ನಿಮ್ಮನ್ನು ಕಾಪಾಡಲ್ಲ. 1907ರಿಂದ ಇರುವ ಕ್ಯಾರವಾನ್ ಆ್ಯಂಡ್ ಮೋಟರ್‌ಹೋಮ್ ಕ್ಲಬ್ ಇದಕ್ಕೆಂದೇ ತರಬೇತಿ ಕೊಡುತ್ತದೆ. ಗಂಡ ಹೆಂಡತಿ ಇಬ್ಬರೂ ಹೋಗಿ ಕಲಿಯಿರಿ.

ಪ್ರಶ್ನೆ: ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ನಮ್ಮದು ಸಣ್ಣ ಕ್ಯಾರವಾನ್, ತುಂಬಿದರೂ 900 ಕಿಲೋ. ವರ್ಷವಿಡೀ ಬಾಡಿಗೆಯ ಸ್ಟೋರೇಜ್ ಜಾಗದಲ್ಲಿ ನಿಲ್ಲಿಸುತ್ತೇವೆ. ಸ್ನೇಹಿತರೆಲ್ಲ ಮೂವರ್ ಹಾಕಿಸಿದ್ದಾರೆ. ನಾವೂ ಹಾಕಿಸೋಣವಾ?

ಉತ್ತರ: ಬೇಡ. ನಿಮ್ಮ ಊರು ಚಪ್ಪಟೆ, ಗಾಡಿ ಹಗುರ. ಸಮತಟ್ಟಾದ ಟಾರಿನ ಮೇಲೆ 900 ಕಿಲೋ ಗಾಡಿ ಉರುಳುತ್ತಾ ಇರಲು 15 ಕಿಲೋ ಆಸುಪಾಸಿನ ಬಲ ಸಾಕು. ಮೊದಲ ನೂಕಿಗೆ ಮಾತ್ರ ಇಬ್ಬರೂ ಕೈ ಹಾಕಬೇಕು. 30 ಕಿಲೋ ಮೂವರ್ ಹಾಕಿಸಿದರೆ ಸಣ್ಣ ಗಾಡಿಯಲ್ಲಿ ಸಾಮಾನಿಗೆ ಇರುವ ತೂಕದ ಮಿತಿಯಲ್ಲಿ ದೊಡ್ಡ ಪಾಲು ಹೋಗುತ್ತದೆ. ಮುಂದಿನ ಸಣ್ಣ ಗಟ್ಟಿ ರಬ್ಬರ್ ಚಕ್ರ ತೆಗೆದು ಗಾಳಿ ತುಂಬುವ ದೊಡ್ಡ ಜಾಕಿ ವೀಲ್ ಹಾಕಿಸಿ. ಹುಲ್ಲಿನ ಮೇಲೆ ಹೂತುಹೋಗುವುದು ಕಮ್ಮಿಯಾಗುತ್ತದೆ. ಮಳೆ ಬಿದ್ದ ಹುಲ್ಲಿಗೆ ಎರಡು ಪ್ಲೈವುಡ್ ತುಂಡು ಗಾಡಿಯಲ್ಲೇ ಇರಲಿ. ಮುಂದೆ ಏರಿನ ಮೇಲಿನ ಮನೆಗೆ ಹೋದರೆ, ಅಥವಾ ತಳ್ಳುವವರು ಒಬ್ಬರೇ ಆದರೆ, ಆಗ ಮತ್ತೆ ಬರೆಯಿರಿ.