ಗುಜರಿಗೆ ಹೋದ ಬಿಸ್ಕತ್ತಿನ ಡಬ್ಬ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೈಸೂರಿನ 38 ವರ್ಷದ ಬ್ಯಾಂಕ್ ಉದ್ಯೋಗಿ ಮಹಿಳೆಯೊಬ್ಬರು ಅತ್ತೆಯ ಮೌನವನ್ನು ತಾಳಲಾರದೆ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದಿದ್ದರು. ಎರಡು ಮಲಗುವ ಕೋಣೆಗಳ ಆ ಮನೆಯಲ್ಲಿ ದಂಪತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಹಾಗೂ ಮಾವನವರು ತೀರಿಕೊಂಡ ಬಳಿಕ ಊರಿನ ಮನೆಯ ಸಾಮಾನಿನೊಂದಿಗೆ ಬಂದು ನೆಲೆಸಿದ 71ರ ಅತ್ತೆ ಇದ್ದರು. ಸಜ್ಜೆಯ ತುಂಬ ಹಿತ್ತಾಳೆ ಪಾತ್ರೆ, ಮಂಚದಡಿ ಟ್ರಂಕು, ಊಟದ ಮೇಜಿನ ಮೇಲೆ ಮಕ್ಕಳ ಪುಸ್ತಕ. ಎತ್ತಿಡಲು ಯಾರಿಗೂ ಪುರಸತ್ತಿರಲಿಲ್ಲ. ಅತ್ತೆ ಮಗಳ ಮನೆಗೆ ಹೋಗಿದ್ದ ವಾರ ಸೊಸೆ, ಹಣ ಪಡೆದು ಮನೆ ಓರಣಗೊಳಿಸುವವರನ್ನು ಕರೆಸಿ ಎರಡೇ ದಿನದಲ್ಲಿ ಎಲ್ಲವನ್ನೂ ಹಗುರ ಮಾಡಿಸಿದರು. ಗುಜರಿಗೆ ಹೋದವುಗಳಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದಿತ್ತು. ಅದರೊಳಗೆ ಮಾವನವರ ಕನ್ನಡಕವೂ ಅವರ ಕೈಬರಹದ ದಿನಸಿ ಚೀಟಿಗಳೂ ಇದ್ದವು.

ಯಾವುದನ್ನೂ ಬಿಸಾಡಲಾಗದೆ ಮನೆಯೇ ಬಳಕೆಗೆ ಬಾರದಂತಾಗುವ ಸ್ಥಿತಿಯನ್ನು 2013ರಲ್ಲಿ ಬಂದ ಡಿಎಸ್‌ಎಂ-5 (ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ) ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದೆ. ಅಂಥದ್ದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸಬೇಕಾಗುತ್ತದೆ. ಆದರೆ ಹಳೆಯ ಪತ್ರಿಕೆ, ಖಾಲಿ ಬಾಟಲಿಗಳನ್ನು ತಾವಾಗಿಯೇ ಮಾರುತ್ತಿದ್ದ ಈ ಹಿರಿಯರಲ್ಲಿ ನನಗೆ ಕಂಡದ್ದು ಕಾಯಿಲೆಯಲ್ಲ, ಅಗಲಿಕೆಯ ದುಃಖ. ಸೊಸೆಯನ್ನೂ ನಾನು ದೂರಲಾರೆ. ಇಡೀ ಮನೆಯ ಅಚ್ಚುಕಟ್ಟು ಅವರೊಬ್ಬರ ತಲೆಯ ಮೇಲಿತ್ತು.

ಕ್ಷಮೆ ಕೇಳುವಾಗ ‘ಒಳ್ಳೆಯದಕ್ಕೇ ಮಾಡಿದೆ’ ಎಂಬ ಮಾತನ್ನು ಸೇರಿಸಬೇಡಿ ಎಂದು ಮೊದಲು ಹೇಳಿದೆ. ಓರಣಗೊಳಿಸುವವರನ್ನು ಮತ್ತೆ ಕರೆಯಬಹುದು, ಆದರೆ ಅತ್ತೆ ಮನೆಯಲ್ಲಿರುವಾಗ ಮಾತ್ರ. ವಸ್ತುವಿನ ಒಡೆಯರು ಒಪ್ಪದೆ ಯಾವುದೂ ಹೊಸಿಲು ದಾಟಬಾರದೆಂದು ಮುಂಗಡ ಕೊಡುವ ಮುನ್ನವೇ ಬರೆಸಿಕೊಳ್ಳಿ ಎಂದೆ. ಅವಧಿ ಮೀರಿದ ಮಾತ್ರೆ, ಮುಚ್ಚಳವಿಲ್ಲದ ಡಬ್ಬಿ, ಕೆಟ್ಟ ಚಾರ್ಜರುಗಳಂಥ ನೆನಪಿನ ಹಂಗಿಲ್ಲದ ವಸ್ತುಗಳಿಂದ ಆರಂಭಿಸಿ, ತೀರಿಕೊಂಡವರ ವಸ್ತುಗಳನ್ನು ಕೊನೆಯಲ್ಲಿ ಕೈಗೆತ್ತಿಕೊಳ್ಳಬೇಕು. ಬೀರುವಿನ ಒಂದು ಅರೆಯನ್ನು ಯಾರೂ ಮುಟ್ಟದಂತೆ ಅತ್ತೆಗೇ ಬಿಡಬೇಕು. ಮಕ್ಕಳ ಪುಸ್ತಕ, ಶಾಲೆಯ ಕಾಗದಗಳನ್ನು ರಾತ್ರಿ ಎತ್ತಿಡುವ ಹೊಣೆಯನ್ನು ಪತಿಗೆ ಒಪ್ಪಿಸಿದೆ. ಇದನ್ನು ನಾನು ಒತ್ತಿ ಹೇಳಿದೆ, ಏಕೆಂದರೆ ಹೊರಗಿನವರು ಜೋಡಿಸಿಟ್ಟ ಮನೆಯನ್ನು ದಿನವೂ ಕಾಯುವವರು ಮನೆಯವರೇ.

ಮೂರನೆಯ ಭೇಟಿಯ ಹೊತ್ತಿಗೆ ದೊಡ್ಡ ಕೊಳದಪ್ಪಲೆಯನ್ನು ಊರಿನ ದೇವಸ್ಥಾನದ ಅಡುಗೆಮನೆಗೆ ಕೊಡುವಂತೆ ಅತ್ತೆಯೇ ಹೇಳಿದ್ದರು. ಕನ್ನಡಕ ಸಿಗಲಿಲ್ಲ. ಟ್ರಂಕನ್ನು ವರ್ಷದ ತಿಥಿ ಕಳೆದ ಮೇಲೆ ತೆರೆಯೋಣವೆಂದು ಅವರು ಸೊಸೆಗೆ ತಿಳಿಸಿದ್ದಾರೆ. ಅಲ್ಲಿಯವರೆಗೆ ಅದು ಮಂಚದಡಿಯೇ ಇರುತ್ತದೆ.