ಪಕ್ಕೆಲುಬು ಕಂಡರೆ ಗಾಬರಿ ಬೇಡ: ಮುಧೋಳ ನಾಯಿ ಸಾಕುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಧೋಳ ನಾಯಿಯದ್ದೇ ಜಾಸ್ತಿ. ಹಾಗಾಗಿ ಬೆಕ್ಕು, ಗಿಳಿ, ಮೀನಿನವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ನಮ್ಮ ಮುಧೋಳ ಗಂಡು ನಾಯಿಗೆ ಒಂದೂವರೆ ವರ್ಷ. ಎರಡು ಹೊತ್ತು ಹೊಟ್ಟೆ ತುಂಬ ತಿನ್ನುತ್ತದೆ. ಆದರೂ ಪಕ್ಕೆಲುಬು ಎಣಿಸಬಹುದು. ಬೀದಿಗೆ ಕರೆದುಕೊಂಡು ಹೋದರೆ ಎಲ್ಲರೂ "ಊಟ ಹಾಕಲ್ವಾ ಇದಕ್ಕೆ?" ಅಂತ ಕೇಳುತ್ತಾರೆ. ಹೊಟ್ಟೆಯಲ್ಲಿ ಹುಳ ಇರಬಹುದಾ? (ದಾವಣಗೆರೆ)

ಉತ್ತರ: ಕೇಳುವವರು ಕೇಳಲಿ ಬಿಡಿ. ಈ ನಾಯಿ ಇರುವುದೇ ಹಾಗೆ. ಮೂಗಿಗಿಂತ ಕಣ್ಣನ್ನು ನಂಬಿ, ದೂರದಲ್ಲಿ ಓಡುವ ಪ್ರಾಣಿಯನ್ನು ನೋಡಿ ಬೆನ್ನಟ್ಟಿ ಹಿಡಿಯುವ ಬೇಟೆನಾಯಿಗಳ ಗುಂಪಿಗೆ ಸೇರಿದ್ದು ಇದು. ಗ್ರೇಹೌಂಡ್, ಸಲೂಕಿ ಇವೆಲ್ಲ ಅದೇ ಗುಂಪು. ಆಳವಾದ ಎದೆಗೂಡು, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಉದ್ದ ಕಾಲು, ಮೈಮೇಲೆ ಕೊಬ್ಬೇ ಇಲ್ಲ. ಬೆಳೆದ ಗಂಡು ನಾಯಿ ಭುಜದ ಹತ್ತಿರ ಸುಮಾರು 70 ಸೆಂ.ಮೀ. ಎತ್ತರ ಇರುತ್ತದೆ, ತೂಕ ನೋಡಿದರೆ 22ರಿಂದ 28 ಕೆ.ಜಿ. ಅಷ್ಟೇ. ಅದಕ್ಕಿಂತ ಎಷ್ಟೋ ಗಿಡ್ಡ ಇರುವ ಲ್ಯಾಬ್ರಡಾರ್ 30 ಕೆ.ಜಿ. ದಾಟುತ್ತದೆ. ನಮ್ಮ ಜನಕ್ಕೆ ಲ್ಯಾಬ್ರಡಾರ್ ನೋಡಿ ನೋಡಿ ಕಣ್ಣು ಕೆಟ್ಟಿದೆ, ದುಂಡಗಿದ್ದರೆ ಮಾತ್ರ ಆರೋಗ್ಯ ಅಂದುಕೊಂಡುಬಿಟ್ಟಿದ್ದಾರೆ.

ಕೊನೆಯ ಎರಡು ಮೂರು ಪಕ್ಕೆಲುಬು ತೆಳ್ಳಗೆ ಕಾಣಬಹುದು, ಸೊಂಟದ ಮೂಳೆಯ ತುದಿ ಕೈಗೆ ಸಿಗಬಹುದು, ಅದು ಸರಿ. ನೀವು ನೋಡಬೇಕಾದದ್ದು ತೊಡೆ. ಹಿಂದಿನ ತೊಡೆಯ ಮಾಂಸ ಗಟ್ಟಿಯಾಗಿದ್ದು, ಮೈ ಕೂದಲು ಹೊಳೆಯುತ್ತಿದ್ದು, ನಾಯಿ ಬಿಟ್ಟ ತಕ್ಷಣ ಗಾಳಿಯ ಹಾಗೆ ಓಡುತ್ತಿದ್ದರೆ ಏನೂ ತೊಂದರೆ ಇಲ್ಲ. ಬದಲಿಗೆ ಬೆನ್ನುಮೂಳೆ ಉದ್ದಕ್ಕೂ ಎದ್ದು ಕಾಣುತ್ತಿದೆ, ತೊಡೆ ಇಳಿದುಹೋಗಿದೆ, ಒಸಡು ಬಿಳಿಚಿಕೊಂಡಿದೆ ಅಂದರೆ ಅದು ತಳಿಯ ಗುಣ ಅಲ್ಲ, ಕಾಯಿಲೆ. ಆಗ ಹುಳದ ಜೊತೆಗೆ, ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ ಬರುವ ಜ್ವರಕ್ಕೂ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ನಾಯಿ ಸೊರಗುವುದಕ್ಕೆ ಉಣ್ಣೆ ಜ್ವರ ದೊಡ್ಡ ಕಾರಣ. ಹುಳದ ಮಾತ್ರೆಯನ್ನು ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಯಾರೋ ಹೇಳಿದರು ಅಂತ ತಿಂಗಳು ತಿಂಗಳು ತುರುಕಬೇಡಿ.

ಊಟಕ್ಕೆ ಏನು ಹಾಕುತ್ತೀರಿ ಅಂತ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಮುಧೋಳದ ಕಡೆ ರೈತರು ಇದನ್ನು ಜೋಳ, ಗೋಧಿ, ಹಾಲು, ಮೊಟ್ಟೆ ಹಾಕಿಯೇ ಬೆಳೆಸಿದ್ದಾರೆ. ಹಾಗಂತ ಬರೀ ರೊಟ್ಟಿ ಹಾಲು ಸಾಲದು. ಸ್ನಾಯುವಿನ ಮೇಲೆ ಬದುಕುವ ನಾಯಿಗೆ ಮೊಟ್ಟೆ, ಮೂಳೆ ತೆಗೆದ ಕೋಳಿ, ಮಾಂಸ ಬೇಕೇ ಬೇಕು. ಬೇಯಿಸಿದ ಮೂಳೆ ಕೊಡಲೇಬೇಡಿ, ಅದು ಚೂಪಾಗಿ ಸೀಳುತ್ತದೆ. ಹಾಲು ಕುಡಿದರೆ ಭೇದಿ ಆಗುವ ನಾಯಿಗೆ ಮೊಸರು ಹಾಕಿ ನೋಡಿ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟ್ ಬೇಡ.

ಇನ್ನೊಂದು ಮುಖ್ಯ ಮಾತು. ಇಷ್ಟು ಆಳದ ಎದೆ ಇರುವ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇರುತ್ತದೆ. ಒಂದೇ ಸಲ ರಾಶಿ ಹಾಕದೆ ಎರಡು ಮೂರು ಹೊತ್ತು ಮಾಡಿ ಹಾಕಿ, ತಿಂದ ಮೇಲೆ ಒಂದೆರಡು ಗಂಟೆ ಓಡಿಸಬೇಡಿ. ಹೊಟ್ಟೆ ಉಬ್ಬಿದೆ, ವಾಂತಿ ಮಾಡಲು ಹೋಗುತ್ತಿದೆ ಆದರೆ ಏನೂ ಬರುತ್ತಿಲ್ಲ, ಜೊಲ್ಲು ಸುರಿಸಿಕೊಂಡು ಕೂತಲ್ಲಿ ಕೂರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಪರೇಷನ್ ಮಾಡುವ ಪಶು ಆಸ್ಪತ್ರೆಗೆ ಹೊರಡಿ. ಅದಕ್ಕೆ ಮನೆಮದ್ದು ಇಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮನೆಯಲ್ಲಿ ಆರು ವರ್ಷದ ಮಗ. ನಮ್ಮ ನಾಡಿನ ತಳಿಯನ್ನೇ ಸಾಕಬೇಕು ಅಂತ ಆಸೆ. ಮುಧೋಳ ಸಾಕಬಹುದಾ?

ಉತ್ತರ: ಆಸೆ ಒಳ್ಳೆಯದು. ಫ್ಲ್ಯಾಟ್ ಚಿಕ್ಕದು ಅನ್ನುವುದು ನಿಜವಾದ ಸಮಸ್ಯೆ ಅಲ್ಲ. ಮನೆಯೊಳಗೆ ಇದು ದಿನವಿಡೀ ಸೋಫಾ ಮೇಲೆ ಮಲಗಿರುತ್ತದೆ, ಜಾಸ್ತಿ ಬೊಗಳುವುದೂ ಇಲ್ಲ, ವಾಸನೆಯೂ ಕಡಿಮೆ. ಸಮಸ್ಯೆ ಇರುವುದು ಹೊರಗೆ. ದಿನಾ ಹಗ್ಗ ಹಿಡಿದು ನಡೆಸಿದರೆ ಇದಕ್ಕೆ ಸಾಲುವುದಿಲ್ಲ, ವಾರದಲ್ಲಿ ಕೆಲವು ಸಲವಾದರೂ ಬೇಲಿ ಇರುವ ಬಯಲಿನಲ್ಲಿ ಮನಸೋ ಇಚ್ಛೆ ಓಡಬೇಕು. ಅಂಥ ಜಾಗ ನಿಮ್ಮ ಹತ್ತಿರ ಇದೆಯಾ? ಮೊದಲು ಅದನ್ನು ಹುಡುಕಿ, ಆಮೇಲೆ ಮರಿ ಹುಡುಕಿ.

ರಸ್ತೆಯಲ್ಲಿ ಹಗ್ಗ ಬಿಚ್ಚುವಂತೆಯೇ ಇಲ್ಲ. ನೀವು ಎಷ್ಟೇ ತರಬೇತಿ ಕೊಟ್ಟಿರಿ, ದೂರದಲ್ಲಿ ಬೆಕ್ಕೋ ಅಳಿಲೋ ಓಡಿದ್ದು ಕಣ್ಣಿಗೆ ಬಿದ್ದರೆ ಅದಕ್ಕೆ ಕಿವಿ ಕೇಳಿಸುವುದಿಲ್ಲ, ನೀವು ಹೆಸರು ಹಿಡಿದು ಕೂಗುವಷ್ಟರಲ್ಲಿ ಅದು ಎರಡು ರಸ್ತೆ ದಾಟಿರುತ್ತದೆ, ಆ ರಸ್ತೆಯಲ್ಲಿ ಬಸ್ಸು ಬರುತ್ತಿರುತ್ತದೆ. ಅದು ತುಂಟತನ ಅಲ್ಲ, ನೂರಾರು ವರ್ಷ ಅದನ್ನು ಬೆಳೆಸಿದ್ದೇ ಆ ಕೆಲಸಕ್ಕೆ. ಸಾಮಾನ್ಯ ಕೊರಳಪಟ್ಟಿಯೂ ಕೆಲಸ ಮಾಡುವುದಿಲ್ಲ. ಇದರ ತಲೆ ಸಣ್ಣದು, ಕತ್ತು ದಪ್ಪ, ಹಿಂದಕ್ಕೆ ಎಳೆದುಕೊಂಡರೆ ಪಟ್ಟಿ ಜಾರಿ ಕೈಯಲ್ಲಿ ಉಳಿಯುತ್ತದೆ. ಅಗಲವಾದ, ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗುವ ಪಟ್ಟಿ ಸಿಗುತ್ತದೆ, ಅದನ್ನೇ ತನ್ನಿ.

ಇನ್ನು ಮಗು. ಮುಧೋಳ ನಾಯಿ ಮನೆಯವರ ಜೊತೆ ತುಂಬಾ ಮೆತ್ತಗೆ ಇರುತ್ತದೆ. ಆದರೆ ಹೊಸಬರು ಬಂದು ಮೈ ಸವರಿದರೆ ಅದಕ್ಕೆ ಹಿಡಿಸುವುದಿಲ್ಲ. ಮಲಗಿದ್ದಾಗ ಮೇಲೆ ಬಿದ್ದರೆ ಬೆಚ್ಚಿ ಕಚ್ಚಲೂಬಹುದು. ನಿಮ್ಮ ಮಗನಿಗೆ ಹೇಳಿಕೊಡಬಹುದು, ಅವನ ಹುಟ್ಟುಹಬ್ಬಕ್ಕೆ ಬರುವ ಹದಿನೈದು ಮಕ್ಕಳಿಗೆ ಹೇಳಿಕೊಡೋಕೆ ಆಗುತ್ತಾ? ಆ ದಿನ ನಾಯಿ ಬೇರೆ ಕೋಣೆಯಲ್ಲಿರಲಿ. ಮತ್ತೆ, ಬೆಳಿಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನುವುದೇ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ಸಾಲು. ಮರಿಯನ್ನು ಅಷ್ಟು ಹೊತ್ತು ಒಂಟಿಯಾಗಿ ಬಿಟ್ಟರೆ ಅದು ಹೆದರುಪುಕ್ಕಲ ನಾಯಿಯಾಗಿ ಬೆಳೆಯುತ್ತದೆ, ಹೆದರುವ ನಾಯಿಯೇ ಕಚ್ಚುವ ನಾಯಿ. ಅತ್ತೆಯೋ ಅಮ್ಮನೋ ಮನೆಯಲ್ಲಿದ್ದರೆ ನೋಡಿ, ಇಲ್ಲದಿದ್ದರೆ ಸದ್ಯಕ್ಕೆ ಬೇಡ.

ಪ್ರಶ್ನೆ: ಕಾರವಾನ್ ಹೌಂಡ್, ಮುಧೋಳ ಹೌಂಡ್ ಬೇರೆ ಬೇರೆನಾ? ಪಶ್ಮಿ ಅಂದರೆ ಏನು? (ಮೈಸೂರು)

ಉತ್ತರ: ಒಂದೇ. ಒಂದು ಕೆನೆಲ್ ಸಂಸ್ಥೆ ಆ ಹೆಸರಲ್ಲಿ ದಾಖಲಿಸುತ್ತದೆ, ಇನ್ನೊಂದು ಈ ಹೆಸರಲ್ಲಿ. ಕಿವಿ, ಬಾಲದಲ್ಲಿ ರೇಷ್ಮೆಯಂಥ ಉದ್ದ ಕೂದಲು ಇರುವುದಕ್ಕೆ ಪಶ್ಮಿ ಅನ್ನುತ್ತಾರೆ.

ಪ್ರಶ್ನೆ: ನಮ್ಮ ಅಜ್ಜನ ಕಾಲದಿಂದಲೂ ಮನೆಯಲ್ಲಿ ಈ ನಾಯಿ ಇವೆ. ಮೊಲದ ಬೇಟೆಗೆ ಬಿಟ್ಟರೆ ತಪ್ಪೇನು? ಬೇಟೆ ಬಿಟ್ಟರೆ ತಳಿ ಹಾಳಾಗುತ್ತದೆ ಅಂತ ಊರಲ್ಲಿ ಹಿರಿಯರು ಅಂತಾರ. (ಬಾಗಲಕೋಟೆ ಜಿಲ್ಲೆ)

ಉತ್ತರ: ಕಾನೂನು ಮೊದಲು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲದ ಬೇಟೆಯೂ ಅಪರಾಧ. ಹೊಲ ನಿಮ್ಮದೇ ಆಗಿದ್ದರೂ ಅಷ್ಟೇ, ನಾಯಿ ಹಿಡಿದದ್ದು ನಾನಲ್ಲ ಅಂದರೂ ಅಷ್ಟೇ. ಹಬ್ಬದ ದಿನ ಊರೆಲ್ಲ ಸೇರಿ ಹೋದರೂ ರಿಯಾಯಿತಿ ಇಲ್ಲ.

ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಇಲ್ಲ. ಓಟ ಇಲ್ಲದೆ ಚೈನಿಗೆ ಕಟ್ಟಿಹಾಕಿದರೆ ಈ ತಳಿ ನಿಜವಾಗಿಯೂ ಹಾಳಾಗುತ್ತದೆ. ಆದರೆ ಅದಕ್ಕೆ ಬೇಕಿರುವುದು ಓಟ, ಮೊಲ ಅಲ್ಲ. ಉದ್ದ ದಾರದ ತುದಿಗೆ ಬಟ್ಟೆ ಅಥವಾ ತುಪ್ಪಳದ ತುಂಡು ಕಟ್ಟಿ ಹೊಲದಲ್ಲಿ ಸರಸರ ಎಳೆಯಿರಿ, ಹೇಗೆ ಬೆನ್ನು ಹತ್ತುತ್ತದೆ ನೋಡಿ. ನಿಮ್ಮದೇ ಜಿಲ್ಲೆಯ ಕಥೆ ನಿಮಗೆ ಗೊತ್ತಿರುತ್ತದೆ: ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಸ್ಥಳೀಯ ಬೇಟೆಗಾರರ ಹತ್ತಿರ ಇದ್ದ ಈ ನಾಯಿಗಳನ್ನು ಕಂಡು, ಆರಿಸಿ ಬೆಳೆಸಿ, ಇಂಗ್ಲೆಂಡಿನ ರಾಜ ಐದನೇ ಜಾರ್ಜ್‌ಗೂ ಉಡುಗೊರೆ ಕೊಟ್ಟಿದ್ದರು. ಆಗ ಅದರ ಬೆಲೆ ಬೇಟೆಯಲ್ಲಿತ್ತು. ಈಗ ಬೇರೆ ಕೆಲಸ ಸಿಕ್ಕಿದೆ. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಇಲ್ಲಿಂದ ಮರಿಗಳು ತರಬೇತಿಗೆ ಹೋದವು. ಮೊಲ ಹಿಡಿಯದೆಯೂ ತಳಿ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪ್ರಶ್ನೆ: ಮೊಬೈಲಿನಲ್ಲಿ ಜಾಹೀರಾತು ನೋಡಿ ಮರಿ ಕೇಳಿದೆ. 35 ದಿನದ ಮರಿ, ಬಸ್ಸಿನಲ್ಲಿ ಹಾಕಿ ಕಳಿಸುತ್ತೇವೆ ಅಂದರು. ತಗೊಳ್ಳಬಹುದಾ? (ಶಿವಮೊಗ್ಗ)

ಉತ್ತರ: ಬೇಡ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಾನೂನು ಪಕ್ಕಕ್ಕಿಡಿ, 35 ದಿನಕ್ಕೆ ತಾಯಿಯಿಂದ ಕಿತ್ತ ಮರಿ ಕಚ್ಚುವ ಹದ ಕಲಿತಿರುವುದಿಲ್ಲ, ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿಯ ವೈರಸ್ ಕಾಯಿಲೆ) ಬಂದರೆ ಉಳಿಯುವುದೂ ಕಷ್ಟ.

2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿ ಬಗ್ಗೆ ಮಾತಾಡಿದ ಮೇಲೆ ಕೇಳುವವರು ಹೆಚ್ಚಾದರು, ಅದರ ಬೆನ್ನಲ್ಲೇ ಗ್ರೇಹೌಂಡ್ ಬೆರಕೆ ಮಾಡಿ ಮುಧೋಳ ಅಂತ ಮಾರುವವರೂ ಹೆಚ್ಚಾದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಅಲ್ಲಿ ಮರಿಗೆ ಹೆಸರು ಬರೆಸಿ ಕಾಯಿರಿ, ಇಲ್ಲವೇ ಅಲ್ಲಿ ವಿಚಾರಿಸಿ ಸುತ್ತಲಿನ ಸಾಕಣೆದಾರರ ಮನೆಗೇ ಹೋಗಿ. ತಾಯಿ ನಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ತಾಯಿ ತೀರಾ ಪುಕ್ಕಲಾಗಿ ಮೂಲೆ ಸೇರಿದ್ದರೂ ಯೋಚನೆ ಮಾಡಿ, ಮರಿಗಳೂ ಹಾಗೇ ಆಗಬಹುದು. ಬಣ್ಣಕ್ಕೆ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಮನೆಗೆ ತಂದ ಮೇಲೆ ಚುಚ್ಚುಮದ್ದಿನ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೀಳಬೇಕು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಂದು ವರ್ಷ ಆಗುವವರೆಗೆ ಬೈಕಿನ ಹಿಂದೆ ಓಡಿಸುವ ಶೋಕಿ ಬೇಡ, ಎಳೆ ಮೂಳೆ ಸೊಟ್ಟಗಾಗುತ್ತದೆ.

ಪ್ರಶ್ನೆ: ನಮ್ಮ ಹೆಣ್ಣು ನಾಯಿಗೆ ಮಕ್ಕಳಾಗದ ಆಪರೇಷನ್ ಮಾಡಿಸಬೇಕು. ಈ ತಳಿಗೆ ಅರಿವಳಿಕೆ ಆಗುವುದಿಲ್ಲ, ಸತ್ತುಹೋಗುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. (ಹುಬ್ಬಳ್ಳಿ)

ಉತ್ತರ: ಅರ್ಧ ನಿಜ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಗುಂಪಿನ ನಾಯಿಗಳಿಗೆ ಥಯೋಪೆಂಟೋನ್ ಥರದ ಹಳೆಯ ಅರಿವಳಿಕೆ ಔಷಧ ಕೊಟ್ಟರೆ ಅದು ಬೇಗ ಇಳಿಯುವುದಿಲ್ಲ. ಕೊಬ್ಬಿಗೆ ಹೋಗಿ ಸೇರಬೇಕಾದ ಔಷಧ ರಕ್ತದಲ್ಲೇ ಉಳಿಯುತ್ತದೆ, ಲಿವರ್ ಅದನ್ನು ಕರಗಿಸುವುದೂ ನಿಧಾನ, ನಾಯಿ ಗಂಟೆಗಟ್ಟಲೆ ಏಳುವುದಿಲ್ಲ. ಗ್ರೇಹೌಂಡ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ವಿಷಯ. ಅದಕ್ಕೆ ಪರಿಹಾರ ಆಪರೇಷನ್ ಬಿಡುವುದಲ್ಲ. ಪ್ರೊಪೋಫಾಲ್ ಮತ್ತು ಗ್ಯಾಸ್ ಅರಿವಳಿಕೆ ಇರುವ ಕಡೆ ಮಾಡಿಸಿ. "ಇದು ಮುಧೋಳ, ಯಾವ ಔಷಧ ಕೊಡುತ್ತೀರಿ?" ಅಂತ ನೇರವಾಗಿ ಕೇಳಿ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಣ್ಣಂದಾಜಿನ ತೂಕ ಬೇಡ, ತಕ್ಕಡಿ ಮೇಲೆ ನಿಲ್ಲಿಸಿ. ಆಪರೇಷನ್ ಆದ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ತಗೊಂಡು ಹೋಗಿ. ನಾಯಿ ಪೂರ್ತಿ ಬೆಳೆದ ಮೇಲೆ ಮಾಡಿಸಿದರೆ ಒಳ್ಳೆಯದು.

ಪ್ರಶ್ನೆ: ಚಿಕಾಗೋದಲ್ಲಿದ್ದೇವೆ. ಊರಿಂದ ಮುಧೋಳ ಮರಿ ತರಬಹುದಾ?

ಉತ್ತರ: ಮರಿ ತರಲಾಗುವುದಿಲ್ಲ. 2024ರ ಆಗಸ್ಟ್‌ನಿಂದ ಅಮೆರಿಕಕ್ಕೆ ಬರುವ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಭಾರತ ನಾಯಿ ರೇಬೀಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಅದರ ಮೇಲೆ ಇನ್ನಷ್ಟು ಕಾಗದಪತ್ರ. ಅದೆಲ್ಲ ಆದರೂ ಚಿಕಾಗೋ ಚಳಿ ಈ ತೆಳು ಚರ್ಮದ ನಾಯಿಗೆ ಶಿಕ್ಷೆ, ಹೊರಗೆ ಹೋದಾಗೆಲ್ಲ ಕೋಟು ಬೇಕು. ಅಲ್ಲೇ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ದತ್ತು ಕೊಡುವವರಿದ್ದಾರೆ. ಸ್ವಭಾವ ಹೆಚ್ಚುಕಡಿಮೆ ಅದೇ, ವಿಚಾರಿಸಿ ನೋಡಿ.

ಪ್ರಶ್ನೆ: ಮೊಣಕೈ ಹತ್ತಿರ ಕೂದಲು ಉದುರಿ ಕಪ್ಪಗೆ ದಡ್ಡುಗಟ್ಟಿದೆ. ಕಜ್ಜಿ ಅಂತ ಎಣ್ಣೆ ಹಚ್ಚುತ್ತಿದ್ದೇವೆ. (ತುಮಕೂರು)

ಉತ್ತರ: ಎರಡೂ ಮೊಣಕೈಯಲ್ಲಿ ಇದ್ದು ತುರಿಕೆ ಇಲ್ಲ ಅಂದರೆ ಅದು ಕಜ್ಜಿ ಇರಲಾರದು. ಬರೀ ಸಿಮೆಂಟಿನ ಮೇಲೆ ಮಲಗಿ ಮಲಗಿ ಆಗಿರುತ್ತದೆ, ಮೂಳೆಗೂ ನೆಲಕ್ಕೂ ನಡುವೆ ಇದಕ್ಕೆ ಮಾಂಸವೇ ಇಲ್ಲವಲ್ಲ. ದಪ್ಪ ಹಾಸಿಗೆ ಹಾಕಿ, ಹಳೆಯ ಕೌದಿ ಮಡಚಿ ಹಾಕಿದರೂ ಆಯ್ತು. ದಡ್ಡು ಬಿರಿದು ಕೀವು ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ. ಅಂದ ಹಾಗೆ ಪತ್ರದ ಜೊತೆ ಕಳಿಸಿದ ಫೋಟೋದಲ್ಲಿ ಹಿತ್ತಲಿಗೆ ಮುಳ್ಳುತಂತಿ ಕಾಣುತ್ತಿದೆ. ಓಡುವ ಭರದಲ್ಲಿ ಅದಕ್ಕೆ ತಗುಲಿದರೆ ಇದರ ಚರ್ಮ ಕಾಗದದಂತೆ ಸೀಳುತ್ತದೆ, ಆ ಬೇಲಿ ತೆಗೆಸಿ ಜಾಲರಿ ಹಾಕಿಸಿ, ಆರು ಅಡಿಗೆ ಕಡಿಮೆ ಬೇಡ.