ಕೇಳಿ ನೋಡಿ: ಹಾಡಿದವರು ಪಾಠಕ್ಕೆ ಕೂತಾಗ

ಪ್ರಶ್ನೆ: ಒಪೆರಾ ಗಾಯಕಿ ಲೊಟ್ಟೆ ಲೆಹ್ಮನ್ ಕೊನೆಗಾಲದಲ್ಲಿ ಪಾಠ ಹೇಳಿಕೊಂಡಿದ್ದರಂತೆ. ದನಿ ಹೋದವರೇ ಮೇಷ್ಟ್ರಾಗೋದು ಅಂತಾರಲ್ಲ, ನಿಜವಾ?
– ಒಬ್ಬ ಓದುಗ, ಧಾರವಾಡ

ಉತ್ತರ: ಶಿರಸಿ ಕಡೆ 'ಲೊಟ್ಟೆ' ಅಂದರೆ ಸುಳ್ಳು. ಆ ಕಡೆಯವರು ಹೆಸರು ನೋಡಿ ನಗಬೇಡಿ, ಅದು ಜರ್ಮನ್ ಹೆಸರು, ಸುಳ್ಳಿಗೂ ಅದಕ್ಕೂ ಸಂಬಂಧ ಇಲ್ಲ.

ಇವರ ಕಥೆ ಉಲ್ಟಾ. ದನಿ ಚೆನ್ನಾಗಿದ್ದ ಹುಡುಗಿಯನ್ನೇ ಬರ್ಲಿನ್ನಿನ ಒಂದು ಹಾಡಿನ ಶಾಲೆ 'ಇವಳಿಂದ ಆಗಲ್ಲ' ಎಂದು ಹೊರಗೆ ಹಾಕಿತ್ತು. ಆಮೇಲೆ ಮಟಿಲ್ಡ ಮಾಲಿಂಗರ್ ಎಂಬ ಹಳೆಯ ಗಾಯಕಿ ಕೈಹಿಡಿದು ಕಲಿಸಿದರು. 1910ರಲ್ಲಿ ಹ್ಯಾಂಬರ್ಗ್ ರಂಗಮಂದಿರ, ಆಮೇಲೆ ವಿಯೆನ್ನಾ. ಅಲ್ಲಿ 1916ರಲ್ಲಿ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ತಾಲೀಮಿಗೆ ದೊಡ್ಡ ಗಾಯಕಿಯೊಬ್ಬರು ಬರಲಿಲ್ಲ, ಇವರು ಸುಮ್ನೆ ಜಾಗ ತುಂಬೋಕೆ ನಿಂತರು. ಕೇಳುತ್ತಾ ಕೂತಿದ್ದ ಸ್ಟ್ರೌಸ್ ಪಾತ್ರವನ್ನೇ ಇವರಿಗೆ ಕೊಟ್ಟುಬಿಟ್ಟರು! ಅವರದೇ 'ಡೆರ್ ರೋಸೆನ್‌ಕವಲಿಯರ್' ಒಪೆರಾದಲ್ಲಿ ಚಿಕ್ಕ ಹುಡುಗಿ, ಗಂಡು ವೇಷ, ವಯಸ್ಸಾಗುತ್ತಿರುವ ಹೆಂಗಸು, ಮೂರೂ ಪಾತ್ರಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಹಾಡಿದವರು ಇವರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದ ಮೇಲೆ ಅಮೆರಿಕವೇ ಮನೆಯಾಯಿತು.

ಈಗ ನಿಮ್ಮ ಪ್ರಶ್ನೆ. 1951ರ ಫೆಬ್ರವರಿ 16ಕ್ಕೆ, 63 ತುಂಬಲು ಹನ್ನೊಂದು ದಿನ ಇದ್ದಾಗ, ನ್ಯೂಯಾರ್ಕಿನ ಟೌನ್ ಹಾಲ್ ಕಛೇರಿಯ ನಡುವೆ 'ಇದು ನನ್ನ ವಿದಾಯ' ಅಂದರು. ಜನ 'ಬೇಡ, ಬೇಡ' ಎಂದು ಕೂಗಿದರು. ಕೊನೆಗೆ ಷೂಬರ್ಟ್ ಅವರ ಒಂದು ಪುಟ್ಟ ಹಾಡು, ಸಂಗೀತಕ್ಕೇ ಧನ್ಯವಾದ ಹೇಳುವ ಹಾಡು. ಕೊನೆಯ ಮಾತಿಗೆ ಗಂಟಲು ಕಟ್ಟಿತು. ಪಿಯಾನೊ ಒಂದೇ ಮುಗಿಸಿತು. ರೆಕಾರ್ಡಿಂಗ್ ಇದೆ, ಒಬ್ಬರೇ ಇದ್ದಾಗ ಕೇಳಿ.

ದನಿ ಮೊದಲಿನಷ್ಟು ಇರಲಿಲ್ಲ, ಒಪ್ಪೋಣ. ಆದರೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಸಂಗೀತ ಅಕಾಡೆಮಿ ಕಟ್ಟುವುದಕ್ಕೆ 1947ರಲ್ಲೇ ಕೈಜೋಡಿಸಿದ್ದರು, ಅಂದರೆ ವಿದಾಯಕ್ಕಿಂತ ಮೊದಲೇ. ಅಲ್ಲಿ ಅವರು ದನಿಗಿಂತ ಜಾಸ್ತಿ ಕಲಿಸಿದ್ದು ಮಾತಿನ ಅರ್ಥ: ಈ ಪದ ಹೇಳುವಾಗ ಆ ಹೆಂಗಸು ಏನು ನೋಡುತ್ತಿದ್ದಾಳೆ, ಯಾಕೆ ನಿಂತಳು. ತೋರಿಸುವಾಗ ಒಂದು ಸ್ಥಾಯಿ ಕೆಳಗೆ ಗುನುಗುತ್ತಿದ್ದರು. ಮುಖ, ಕೈ, ಕಣ್ಣು ಮಾತ್ರ ಪೂರ್ತಿ ಹಾಡುತ್ತಿದ್ದವು. ನನ್ನನ್ನು ನಕಲು ಮಾಡಬೇಡಿ ಅನ್ನುತ್ತಿದ್ದರಂತೆ. ಅಲ್ಲಿ ಕಲಿತ ಗ್ರೇಸ್ ಬಂಬ್ರಿ 1961ರಲ್ಲಿ ಜರ್ಮನಿಯ ಬೈರಾಯ್ಟ್ ಒಪೆರಾ ಉತ್ಸವದಲ್ಲಿ ವೀನಸ್ ದೇವತೆಯ ಪಾತ್ರ ಹಾಡಿದ ಕಪ್ಪು ವರ್ಣದ ಗಾಯಕಿ. ಅವರದು ಗುರುವಿನ ದನಿಗಿಂತ ದಪ್ಪ ದನಿ, ಬೇರೆಯದೇ ದಾರಿ.